ಪ್ಲಗ್ ಹಾಕಿ ಕೊಡಿ, ನಾನೇ ನೋಡುತ್ತೇನೆ

ಮಳೆಗಾಲದಲ್ಲಿ ನಮ್ಮ ಕೊಡಗಿನಲ್ಲಿ ಬಟ್ಟೆ ಒಣಗುವುದಿಲ್ಲ. ಒಲೆಯ ಮೇಲಿನ ಹಗ್ಗದಲ್ಲಿ ನಾಲ್ಕು ದಿನ ತೂಗಿದರೂ ಹೊಲಿಗೆಯ ಸಾಲಿನಲ್ಲಿ ಥಂಡಿ ಉಳಿದಿರುತ್ತದೆ, ಹೊಗೆಯ ವಾಸನೆ ಬೇರೆ. ಹಾಗಾಗಿ ಕಳೆದ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ನೀರು ಚೆನ್ನಾಗಿ ಹಿಂಡುವ ವಾಷಿಂಗ್ ಮೆಷಿನ್ ಕೊಳ್ಳಲು ತಂಗಿಯೊಂದಿಗೆ ಮಡಿಕೇರಿಗೆ ಹೋದೆ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮನೆಯಲ್ಲಿ ಬಟ್ಟೆ ಒಗೆಯುವುದು ನನ್ನ ಪಾಲಿನ ಕೆಲಸ. ಆದ್ದರಿಂದ ಆ ಯಂತ್ರ ನನ್ನ ಬೆರಳಿಗೆ ಒಗ್ಗಬೇಕಿತ್ತು.

ಈ ಹಟಕ್ಕೆ ಕಾರಣವಿದೆ. ಹಿಂದೊಮ್ಮೆ "ಎಲ್ಲರೂ ಇದನ್ನೇ ತೆಗೆದುಕೊಂಡು ಹೋಗುತ್ತಾರೆ" ಎಂಬ ಅಂಗಡಿಯವರ ಮಾತು ನಂಬಿ ಇಂಡಕ್ಷನ್ ಒಲೆಯೊಂದನ್ನು ಪೆಟ್ಟಿಗೆ ಬಿಚ್ಚಿಸದೆ ತಂದಿದ್ದೆ. ಮನೆಯಲ್ಲಿ ತೆಗೆದು ಕೈಯಾಡಿಸಿದರೆ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ನುಣುಪು ಗಾಜು. ಗುಂಡಿ ಎಲ್ಲಿದೆಯೆಂದು ಹುಡುಕುವ ಬೆರಳೇ ಗುಂಡಿಯನ್ನು ಒತ್ತಿಬಿಡುತ್ತಿತ್ತು. ಶಾಖ ಏರಿದರೂ ಇಳಿದರೂ ಒಂದೇ ಬೀಪ್. ಪೆಟ್ಟಿಗೆ ಬಿಚ್ಚಿದ್ದೀರಿ ಎಂದು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆ ಒಲೆ ಈಗ ತಮ್ಮನ ಮನೆಯಲ್ಲಿದೆ. ಅಂದಿನಿಂದ, ಅಂಗಡಿಯಲ್ಲಿಯೇ ಪ್ಲಗ್ ಹಾಕಿಸಿ ನಾನೊಬ್ಬಳೇ ನಡೆಸಿ ನೋಡದ ಯಾವುದಕ್ಕೂ ದುಡ್ಡು ಕೊಟ್ಟಿಲ್ಲ.

ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಪೇಟೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಹೋದದ್ದು ಮಂಗಳವಾರ ಬೆಳಿಗ್ಗೆ, ಅಂಗಡಿ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ. ಆಗಿನ್ನೂ ಟಿವಿಗಳನ್ನು ಹಾಕಿರುವುದಿಲ್ಲ, ಯಂತ್ರದ ಸಣ್ಣ ಸದ್ದೂ ಕಿವಿಗೆ ಬೀಳುತ್ತದೆ. ಬಿಳಿ ಕೋಲನ್ನು ಮಡಚಿ ಚೀಲಕ್ಕೆ ಹಾಕಿ ತಂಗಿಯ ಮೊಣಕೈ ಹಿಡಿದೆ. ಇಕ್ಕಟ್ಟಿನ ಸಾಲುಗಳಲ್ಲಿ ಕೋಲು ಹಿಡಿದು ನಡೆದರೆ ಅಂಗಡಿಯವರ ಗಮನವೆಲ್ಲ ಅದರ ತುದಿಯ ಮೇಲೆಯೇ ನಿಲ್ಲುತ್ತದೆ, ನನ್ನ ಪ್ರಶ್ನೆ ಅವರ ಕಿವಿಗೆ ಹೋಗುವುದಿಲ್ಲ.

"ಇವರಿಗೆ ಏನು ಬೇಕಂತೆ?" ಎಂದು ಅಂಗಡಿಯ ಹುಡುಗ ತಂಗಿಯನ್ನು ಕೇಳಿದ.

"ಅಕ್ಕನನ್ನೇ ಕೇಳಿ" ಎಂದಳು.

ಇದನ್ನು ನಾವು ಬಸ್ಸಿನಲ್ಲಿಯೇ ಮಾತಾಡಿಕೊಂಡಿರುತ್ತೇವೆ. ಅವಳು ಬೆಲೆಯ ಚೀಟಿ ಓದುತ್ತಾಳೆ, ಬಣ್ಣ ಹೇಳುತ್ತಾಳೆ. ಉಳಿದ ಮಾತೆಲ್ಲ ನನ್ನದು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಾರರು. ಆದರೆ ದುಡ್ಡು ಕೊಡುವವಳು ನಾನು ಎದುರಿಗೇ ನಿಂತಿರುವಾಗ ಪಕ್ಕದವರನ್ನು ಕೇಳಿದರೆ ನೋವಾಗುತ್ತದೆ, ಎಷ್ಟು ವರ್ಷವಾದರೂ ಆಗುತ್ತದೆ.

ಮೊದಲು ತೋರಿಸಿದ ಯಂತ್ರದ ಮುಖವೆಲ್ಲ ಟಚ್ ಗಾಜು. ಅದನ್ನು ಅಲ್ಲಿಗೇ ಬಿಟ್ಟೆ. ನನ್ನ ಕೈಗೆ ಅತಿ ಚೆನ್ನಾಗಿ ಒಪ್ಪಿದ್ದು ಎರಡು ತೊಟ್ಟಿಗಳ ಸೆಮಿ ಆಟೋಮ್ಯಾಟಿಕ್. ಅದರ ಟೈಮರ್ ನಾಬ್ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ, ನಾಬ್‌ನ ಏಣು ಯಾವ ಕಡೆಗಿದೆ ಎಂಬುದರಿಂದಲೇ ಎಷ್ಟು ನಿಮಿಷ ಉಳಿಯಿತೆಂದು ತಿಳಿಯುತ್ತದೆ. ಬೆಲೆಯೂ ಬಹಳ ಕಡಿಮೆ. ಕಣ್ಣು ಕಾಣದ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಅದನ್ನೇ ಮುಟ್ಟಿ ನೋಡಿ ಎನ್ನುತ್ತೇನೆ. ಆದರೆ ನೀರು ಕುಡಿದ ಕಂಬಳಿಯನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಎತ್ತಿ ಹಾಕಲು ನನ್ನ ಭುಜ ಒಪ್ಪುವುದಿಲ್ಲ. ಮುಂದಿನಿಂದ ಬಾಗಿಲು ತೆರೆಯುವ, ನಾಬ್ ಇರುವ ಎರಡು ಯಂತ್ರಗಳು ಉಳಿದವು.

ನಾಬ್ ಇದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. ಈ ಯಂತ್ರಗಳ ನಾಬ್‌ಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ, ಸುತ್ತುತ್ತಲೇ ಇರುತ್ತದೆ. ಯಾವ ಕೆಲಸ ಆಯ್ಕೆಯಾಯಿತು ಎಂಬುದನ್ನು ಹೇಳುವುದು ಪಕ್ಕದಲ್ಲಿ ಹೊತ್ತುವ ಪುಟ್ಟ ದೀಪ ಮಾತ್ರ. ಹಾಗಾದರೆ ನಾನು ಎಣಿಸಬೇಕಾದದ್ದು ಟಿಕ್ ಸದ್ದುಗಳನ್ನು, ಮತ್ತು ಎಣಿಕೆಗೆ ಒಂದು ನಿಂತ ನೆಲೆ ಬೇಕು. ಮೊದಲನೆಯದನ್ನು ನಾಲ್ಕು ಟಿಕ್ ತಿರುಗಿಸಿ, ಓಡಿಸಿ, ಆರಿಸಿ, ಮತ್ತೆ ಹಾಕಿದೆ. "ದೀಪ ಈಗ ಎಲ್ಲಿದೆ?" ಎಂದು ಹುಡುಗನನ್ನು ಕೇಳಿದೆ. ಹಿಂದಿನ ಸಲ ಬಿಟ್ಟಲ್ಲಿಯೇ ಇತ್ತು. ನಾನಿಲ್ಲದಾಗ ತಂಗಿ ಒಮ್ಮೆ ಮುಟ್ಟಿದರೂ ಸಾಕು, ನನ್ನ ಎಣಿಕೆ ತಪ್ಪುತ್ತದೆ. ಎರಡನೆಯದನ್ನೂ ಹಾಗೆಯೇ ನೋಡಿದೆ. ಅದು ಪ್ರತಿ ಸಲವೂ ಕಾಟನ್‌ನಿಂದಲೇ ಆರಂಭವಾಯಿತು. ಮೂರು ಸಲ ಗುಂಡಿ ಒತ್ತಿ ಆರಿಸಿ ಹಾಕಿದೆ, ಮೂರು ಸಲವೂ ಹಾಗೆಯೇ. ಅಷ್ಟು ಹೊತ್ತಿಗೆ ಹುಡುಗ ತಾನಾಗಿಯೇ ಟಿಕ್‌ಗಳನ್ನು ಎಣಿಸತೊಡಗಿದ್ದ. "ಐದನೆಯದು ಕಂಬಳಿಗೆ ಅಕ್ಕಾ" ಎಂದು ನನಗೇ ಹೇಳಿದ. ಆಗ ಅವನು ತಂಗಿಯ ಕಡೆ ತಿರುಗಿರಲಿಲ್ಲ, ದನಿ ಬಂದ ದಿಕ್ಕಿನಿಂದಲೇ ಗೊತ್ತಾಯಿತು.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋಗುವುದು ಹೊಸದಲ್ಲ. ಯಂತ್ರ ಓಡುತ್ತಿರುವಾಗಲೇ ಪ್ಲಗ್ ಕೀಳಿಸಿ, ಒಂದು ನಿಮಿಷ ಬಿಟ್ಟು ಹಾಕಿಸಿದೆ. ನಿಲ್ಲಿಸಿದಲ್ಲಿಂದಲೇ ಮುಂದುವರಿಯಿತು. ಅದನ್ನೇ ಕೊಂಡೆ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 43ನೇ ಕಲಮು ಎಲ್ಲರೂ ಬಳಸಬಲ್ಲ ವಿನ್ಯಾಸದ ಗ್ರಾಹಕ ವಸ್ತುಗಳ ತಯಾರಿಕೆ, ವಿತರಣೆಗಳನ್ನು ಸರ್ಕಾರ ಉತ್ತೇಜಿಸಬೇಕೆನ್ನುತ್ತದೆ. ನಾನು ಆ ಬೆಳಿಗ್ಗೆ ಮುಟ್ಟಿದ ಯಾವ ಯಂತ್ರದಲ್ಲಿಯೂ ಒಂದು ಉಬ್ಬು ಚುಕ್ಕೆ ಇರಲಿಲ್ಲ. ಚುಕ್ಕೆ ಹಾಕಲು ಎಷ್ಟು ಪ್ಲಾಸ್ಟಿಕ್ ಬೇಕು?

ಮೊಬೈಲ್ ಕೊಳ್ಳುವುದು ಇದಕ್ಕಿಂತ ಸುಲಭ. ಆಂಡ್ರಾಯ್ಡ್ ಆದರೆ ದನಿಯ ಎರಡೂ ಗುಂಡಿಗಳನ್ನು ಮೂರು ಸೆಕೆಂಡ್ ಒಟ್ಟಿಗೆ ಒತ್ತಿ ಹಿಡಿದರೆ, ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಮಾತಾಡತೊಡಗುತ್ತದೆ. ಮೊದಲ ಸಲ ಪರದೆ ಒಪ್ಪಿಗೆ ಕೇಳಿದರೆ ಅದನ್ನು ಅಂಗಡಿಯವರಿಂದ ಒತ್ತಿಸಿಕೊಳ್ಳುತ್ತೇನೆ. ಆಮೇಲೆ ಫೋನ್ ಅವರ ಕೈಗೆ ಹೋಗದಂತೆ ನೋಡಿಕೊಳ್ಳಬೇಕು. ಟಾಕ್‌ಬ್ಯಾಕ್ ಇರುವಾಗ ಒಂದು ಸಲ ಮುಟ್ಟಿದರೆ ಹೆಸರನ್ನಷ್ಟೇ ಹೇಳುತ್ತದೆ, ತೆರೆಯಲು ಎರಡು ಸಲ ತಟ್ಟಬೇಕು. ಅದು ತಿಳಿಯದೆ ಫೋನ್ ಕೆಟ್ಟಿತೆಂದು ಗಾಬರಿಯಾಗಿ ಆರಿಸಿಬಿಡುತ್ತಾರೆ. ಬೆರಳಚ್ಚಿನ ಜಾಗ ಪಕ್ಕದ ಗುಂಡಿಯಲ್ಲಿರಬೇಕು ಎನ್ನುತ್ತೇನೆ, ಗಾಜಿನ ಅಡಿಯಲ್ಲಿದ್ದರೆ ಹುಡುಕಿ ಸಾಕಾಗುತ್ತದೆ. ಲ್ಯಾಪ್‌ಟಾಪ್ ಆದರೆ ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ನರೇಟರ್ ಎದ್ದು ಓದುತ್ತದೆ. ಎಲ್ಲಕ್ಕಿಂತ ಸುಖ ರೇಡಿಯೊ: ಚಕ್ರ ತಿರುಗಿಸುತ್ತಾ 103.1ರಲ್ಲಿ ಮಡಿಕೇರಿ ಆಕಾಶವಾಣಿ ಸ್ವಚ್ಛವಾಗಿ ಕೇಳಿದರೆ ಪರೀಕ್ಷೆ ಮುಗಿಯಿತು.

ದುಡ್ಡು ಕೊಡುವಾಗ ಕಾರ್ಡ್ ತೆಗೆಯುವುದನ್ನು ನಿಲ್ಲಿಸಿದ್ದೇನೆ. ಹೊಸ ಕಾರ್ಡ್ ಯಂತ್ರಗಳಲ್ಲಿ ಅಂಕಿಗಳೂ ಗಾಜಿನ ಮೇಲೆಯೇ ಬಂದಿವೆ. "ಪಿನ್ ಹೇಳಿ, ನಾನೇ ಹಾಕುತ್ತೇನೆ" ಎಂದು ಒಂದು ಅಂಗಡಿಯಲ್ಲಿ ಹತ್ತು ಜನರ ನಡುವೆ ಕೇಳಿದ್ದರು. ನಾನು ಹೇಳಲಿಲ್ಲ, ಸಾಮಾನು ಬಿಟ್ಟು ಬಂದೆ. ಈಗ ಒಂದು ಕಿವಿಗೆ ಇಯರ್‌ಫೋನ್ ಇಟ್ಟು ಯುಪಿಐ ಮಾಡುತ್ತೇನೆ. ಕೌಂಟರಿನ ಮೇಲಿನ ಪುಟ್ಟ ಪೆಟ್ಟಿಗೆ ಬಂದ ಹಣವನ್ನು ಕನ್ನಡದಲ್ಲಿ ಕೂಗಿ ಹೇಳುವುದು ಕೇಳಿದ ಮೇಲೆಯೇ ಅಲ್ಲಿಂದ ಕದಲುತ್ತೇನೆ. ಬಿಲ್ಲನ್ನು ಹೊರಡುವ ಮೊದಲೇ ಮೊಬೈಲ್ ಕ್ಯಾಮೆರಾ ಹಿಡಿದು ಓದಿಸಿಕೊಳ್ಳುತ್ತೇನೆ.

ನಾಲ್ಕು ದಿನ ಬಿಟ್ಟು ಯಂತ್ರ ಜೋಡಿಸುವವರು ಬಂದರು. ಪೈಪ್ ಕೂಡಿಸಿದ ಮೇಲೆ ಅವರನ್ನು ಹತ್ತು ನಿಮಿಷ ನಿಲ್ಲಿಸಿಕೊಂಡು ಪ್ರತಿ ಗುಂಡಿಯ ಹೆಸರನ್ನೂ ಹೇಳಿಸಿಕೊಂಡೆ. ಗುರುತಿಗೆ ಮೊದಲೆಲ್ಲ ಹಣೆಯ ಬೊಟ್ಟಿನ ಸ್ಟಿಕರ್ ಅಂಟಿಸುತ್ತಿದ್ದೆ. ಜುಲೈಯ ಥಂಡಿಗೆ ಅಂಟು ಬಿಡುತ್ತದೆ. ಉಗುರು ಬಣ್ಣದ ಹನಿ ಒಣಗಿದರೆ ಚಪ್ಪಟೆ. ನಿಲ್ಲುವುದು ಎಂ-ಸೀಲ್ ಒಂದೇ. ಕಲಸಿ ಸಾಸಿವೆಯಷ್ಟು ಉರುಟು ಮಾಡಿ ಸ್ಟಾರ್ಟ್ ಗುಂಡಿಯ ಪಕ್ಕಕ್ಕೆ ಒಂದು, ಹಿಂಡುವ ಗುಂಡಿಯ ಪಕ್ಕಕ್ಕೆ ಎರಡು ಒತ್ತಿದೆ. ಗುಂಡಿಯ ಮೇಲಲ್ಲ, ಪಕ್ಕಕ್ಕೆ. ಮರುದಿನ ಬೆಳಿಗ್ಗೆ ಅವು ಕಲ್ಲಿನಂತೆ ಗಟ್ಟಿಯಾಗಿದ್ದವು. ಮೊದಲು ಹಾಕಿದ್ದು ಅವ್ವನ ಕಂಬಳಿ, ಐದು ಟಿಕ್.