ಬೈಪೋಲಾರ್ ಇರೋ ಹುಡುಗ್ರಿಗೆ ಓದಿದ್ದು ತಲೇಲಿ ನಿಲ್ತಿಲ್ಲ ಅಂದ್ರೆ ಮನೆಯವ್ರು ಏನ್ ಮಾಡ್ಬೇಕು

ನಮ್ ಮಲೆನಾಡು ಕಡೆ ಬೈಪೋಲಾರ್ ಅಂದ್ರೆ ಜನಕ್ಕೆ ಗೊತ್ತಿರೋದು ಎರಡೇ, ಒಂದೋ ವಿಪರೀತ ಹುರುಪು ಸಿಟ್ಟು, ಇಲ್ಲಾಂದ್ರೆ ಮಂಕಾಗಿ ಮೂಲೆ ಹಿಡಿಯೋದು. ಮಾತ್ರೆ ತಗೊಂಡು ಎರಡೂ ತಣ್ಣಗಾದ್ಮೇಲೆ "ಈಗ ಹುಷಾರಾದ್ಯಲ್ಲ, ಕೂತು ಓದು" ಅಂತ ಶುರು ಮಾಡ್ತಾರೆ. ಆದ್ರೆ ಮೂಡ್ ಸರಿ ಹೋದ್ಮೇಲೂ ಎಷ್ಟೋ ಹುಡುಗ್ರಿಗೆ ಗಮನ ನಿಲ್ಲಲ್ಲ, ಕೇಳಿದ್ದು ಮರ್ತೋಗತ್ತೆ, ಉತ್ತರ ಗೊತ್ತಿದ್ರೂ ಹೊರಗ್ ಬರೋದು ನಿಧಾನ, ಯಾವ್ದು ಮೊದ್ಲು ಯಾವ್ದು ಆಮೇಲೆ ಅಂತ ಪ್ಲಾನ್ ಮಾಡಕ್ಕಾಗಲ್ಲ. ಎಲ್ರಿಗೂ ಹಿಂಗೇ ಆಗತ್ತೆ ಅಂತಿಲ್ಲ, ಆದ್ರೆ ಆದವ್ರಿಗೆ ಇದು ಕಾಯಿಲೆಯದೇ ಒಂದು ಭಾಗ. ದಯವಿಟ್ಟು ಸೋಮಾರಿ ಅನ್ಬೇಡಿ.

ನಮ್ಮಣ್ಣನ ಮಗ ಸೆಕೆಂಡ್ ಪಿಯುಸಿ. ಅಂಗಡಿಯಿಂದ ಬೆಲ್ಲ, ಬೆಂಕಿಪೊಟ್ಟಣ, ಕೊಬ್ಬರಿ ಎಣ್ಣೆ ತಾ ಅಂತ ಅತ್ತಿಗೆ ಕಳಿಸಿದ್ರೆ ಬೆಲ್ಲ ಒಂದೇ ತಂದು, ಇನ್ನೇನೋ ಇತ್ತಲ್ಲ ಅಂತ ಅಡುಗೆಮನೆ ಬಾಗ್ಲಲ್ಲೇ ನಿಂತ್ಕೊಳ್ತಿದ್ದ. ಬೈದ್ರೆ ಅವನಿಗೇ ಅಳು ಬರೋದು. ಈಗ ಚೀಟಿ ಬರ್ದು ಕೊಡ್ತಾರೆ, ಮೂರೂ ಬರತ್ತೆ.

ಮೊದ್ಲು ಕಾರಣ ಹುಡುಕ್ಬೇಕು. ಡಿಪ್ರೆಶನ್ ಸ್ವಲ್ಪ ಉಳ್ಕೊಂಡಿರ್ಬೋದು, ಜೊತೆಗೆ ಎಡಿಎಚ್‌ಡಿ (ಗಮನ ನಿಲ್ಲದೆ ಚಡಪಡಿಸೋ ತೊಂದ್ರೆ) ಇರ್ಬೋದು, ಗಾಂಜಾ ಕುಡಿತ ಇದ್ರೆ ಅದೂ ಕೆಡಿಸತ್ತೆ. ಕೆಲವು ಮಾತ್ರೆಗೆ ಬೆಳಗ್ಗೆ ಮಂಪರು ಇರತ್ತೆ, ಟೋಪಿರಮೇಟ್ ಅನ್ನೋ ಮಾತ್ರೆ ತಗೊಂಡ್ರೆ ಮಾತಾಡ್ವಾಗ ಪದ ಸಿಗದೆ ತಡವರಿಸೋದುಂಟು. ಮೂಡ್ ಏರುಪೇರು ತಡೆಯೋ ಲಿಥಿಯಂ ಮಾತ್ರೆ ತಗೊಳ್ಳೋರಿಗೆ ಥೈರಾಯ್ಡ್ ಕಮ್ಮಿ ಆದ್ರೂ ತಲೆ ಮಂದ ಆಗತ್ತೆ, ಹಂಗಾಗಿ ಥೈರಾಯ್ಡ್, ಕಿಡ್ನಿ, ಲಿಥಿಯಂ ಲೆವೆಲ್ ಮೂರೂ ಟೆಸ್ಟ್ ಆಗ್ತಿರ್ಬೇಕು. ಲೆವೆಲ್ ನೋಡಕ್ಕೆ ರಕ್ತ ಕೊಡೋದು ಹಿಂದಿನ ಮಾತ್ರೆ ನುಂಗಿ 12 ತಾಸಾದ್ಮೇಲೆ. ವಾಂತಿ ಭೇದಿ ಆದ್ರೆ, ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗಿದ್ರೆ ಲಿಥಿಯಂ ಏರತ್ತೆ, ಕೈ ಜೋರಾಗಿ ನಡುಗೋದು ತೊದಲೋದು ತೂರಾಡೋದು ಕಂಡ್ರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಂಪರು ಅಂತ ನೀವೇ ಮಾತ್ರೆ ನಿಲ್ಲಿಸ್ಬೇಡಿ, ಮತ್ತೆ ಮತ್ತೆ ಕಾಯಿಲೆ ಮರುಕಳಿಸಿದವ್ರಲ್ಲೇ ಈ ಮರೆವು ಜಾಸ್ತಿ ಕಾಣೋದು. ಡಾಕ್ಟ್ರ ಹತ್ರ ಹೋಗೋ ಮುಂಚೆ ಏನೇನು ಮರೀತಾನೆ, ಯಾವ ಹೊತ್ತಲ್ಲಿ ಅಂತ ಒಂದು ವಾರ ಬರ್ದಿಡಿ, ಬರೀ "ಓದಲ್ಲ ಸಾರ್" ಅಂದ್ರೆ ಅವ್ರಿಗೇನೂ ಗೊತ್ತಾಗಲ್ಲ.

ಇನ್ನು ನಿದ್ದೆ. ಇದನ್ನ ಒತ್ತಿ ಹೇಳ್ತೀನಿ. ಅಡಿಕೆ ಕೊಯ್ಲಿನ ಟೈಮಲ್ಲಿ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಕೂತ್ರೆ ಮನೆಮಂದಿಗೆಲ್ಲ ರಾತ್ರಿ ಹನ್ನೆರಡಾಗತ್ತೆ, ಆ ಹುಡುಗ್ನನ್ನೂ ಕೂರಿಸ್ಕೊಂಡು ಬೆಳಗ್ಗೆ ಆರೂವರೆ ಬಸ್ಸಿಗೆ ಶಿವಮೊಗ್ಗಕ್ಕೆ ಕಳಿಸಿದ್ರೆ ಪಾಠ ತಲೆಗೆ ಹತ್ತದು ಹೋಗ್ಲಿ, ನಿದ್ದೆಗೆಟ್ಟಿದ್ದೇ ಮೇನಿಯಾ, ಅಂದ್ರೆ ಆ ವಿಪರೀತ ಹುರುಪಿನ ಹಂತ, ಕೆದಕತ್ತೆ. ರಾತ್ರಿಯಿಡೀ ಯಕ್ಷಗಾನ ನೋಡೋದೂ ಅಷ್ಟೇ. ದಿನಾ ಒಂದೇ ಟೈಮಿಗೆ ಮಲಗ್ಲಿ, ಒಂದೇ ಟೈಮಿಗೆ ಏಳ್ಲಿ, ಸುಲಿಯೋ ಕೆಲಸ ಹಗಲಲ್ಲಿ ಕೊಡಿ.

ಓದೋಕೆ ಕೂತಾಗ ಇಪ್ಪತ್ತು ನಿಮಿಷ ಸಾಕು, ಆಮೇಲೆ ಐದು ನಿಮಿಷ ಎದ್ದು ಓಡಾಡ್ಲಿ. ಒಂದು ಪುಟ ಓದಿ, ಪುಸ್ತಕ ಮುಚ್ಚಿ, ಅಜ್ಜಿಗೋ ತಂಗಿಗೋ ತನ್ನ ಮಾತಲ್ಲಿ ಹೇಳ್ಲಿ. ಸುಮ್ನೆ ಅದೇ ಪುಟನ ಹತ್ತು ಸಲ ಓದೋದಕ್ಕಿಂತ ಹಿಂಗೆ ನೆನೆಸ್ಕೊಂಡು ಹೇಳಿದ್ದು ಜಾಸ್ತಿ ದಿನ ಉಳಿಯತ್ತೆ. ಅಕೌಂಟ್ಸೋ ಮ್ಯಾಥ್ಸೋ, ಕಷ್ಟದ್ದನ್ನ ಮಂಪರು ಇಳಿದ ಹೊತ್ತಿಗೆ ಇಟ್ಕೊಳ್ಲಿ. ಅಸೈನ್‌ಮೆಂಟ್ ತಾರೀಕು, ಮಾತ್ರೆ ಟೈಮು ಎಲ್ಲ ಗೋಡೆ ಕ್ಯಾಲೆಂಡರಲ್ಲೂ ಇರ್ಲಿ, ಮೊಬೈಲ್ ಅಲಾರಮ್ಮಲ್ಲೂ ಇರ್ಲಿ. ಕೆಲಸ ಹೇಳೋರು ಒಂದು ಸಲಕ್ಕೆ ಒಂದೇ ಹೇಳಿ.

ಕಾಲೇಜಲ್ಲಿ ಹೇಳೋದಾ ಬೇಡ್ವಾ ಅಂತ ಮೊದ್ಲು ಆ ಹುಡುಗ್ನನ್ನೇ ಕೇಳಿ, ಅವ್ನು ಒಪ್ಪಿದ್ರೆ ನಂಬಿಕೆ ಇರೋ ಒಬ್ರು ಲೆಕ್ಚರರ್‌ಗೆ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಮಾನಸಿಕ ಕಾಯಿಲೆನೂ ಸೇರಿದೆ, ಅಂಗವಿಕಲತೆ ಸರ್ಟಿಫಿಕೇಟಲ್ಲಿ ಅದರ ಪ್ರಮಾಣ 40% ಅಥವಾ ಜಾಸ್ತಿ ಬಂದ್ರೆ ಪರೀಕ್ಷೇಲಿ ಹೆಚ್ಚಿನ ಟೈಮ್ ಸಿಗತ್ತಾ ಅಂತ ಪರೀಕ್ಷೆ ಫಾರ್ಮ್ ತುಂಬೋ ಮುಂಚೆನೇ ವಿಚಾರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಮಾನಸಿಕ ವಿಭಾಗದಲ್ಲಿ ಈ ವಿಷ್ಯ ಕೇಳ್ಬೋದು.

ಒಂದಿನ ಇದ್ದಕ್ಕಿದ್ದಂಗೆ ರಾತ್ರಿ ಮೂರು ತಾಸು ಮಲಗಿ ಪೂರ್ತಿ ಸಿಲೆಬಸ್ ಮುಗಿಸ್ತೀನಿ ಅಂತ ಹುರುಪಲ್ಲಿ ಓಡಾಡಿದ್ರೆ, ಓದಕ್ಕೆ ಹತ್ತಿದ್ನಲ್ಲ ಅಂತ ಖುಷಿ ಪಡ್ಬೇಡಿ, ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್‌ಗೂ ಕಾಯ್ಬೇಡಿ, ಡಾಕ್ಟ್ರಿಗೆ ಫೋನ್ ಮಾಡಿ. ಸಾಯೋ ಮಾತಾಡಿದ್ರೆ ಒಬ್ಬನ್ನೇ ಬಿಡ್ಬೇಡಿ, ತೋಟಕ್ಕೆ ಹೊಡೆಯೋ ಔಷಧಿ ಬೀಗ ಹಾಕಿಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ನಡುರಾತ್ರಿ ಆದ್ರೂ ಎತ್ತುತ್ತಾರೆ.