ಎರಡು ಫೆರಿ, ಒಂದು ಸೈಕಲ್: ಬೋಡೆನ್‌ಸೇ ಸರೋವರದಲ್ಲಿ ಒಂದು ದಿನ

ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶಗಳ ನಡುವೆ ಹರಡಿಕೊಂಡಿರುವ ಬೋಡೆನ್‌ಸೇ ಸರೋವರಕ್ಕೆ ದಡದುದ್ದಕ್ಕೂ ಸೈಕಲ್ ದಾರಿ ಇದೆ. ಪೂರ್ತಿ ಸುತ್ತು ಬರಲು ಸುಮಾರು 260 ಕಿ.ಮೀ. ತುಳಿಯಬೇಕು. ನನ್ನ ಕೈಲಿದ್ದದ್ದು ಒಂದೇ ದಿನ. ನಕ್ಷೆ ಹರಡಿಕೊಂಡು ನೋಡಿದಾಗ ನೀರನ್ನು ಎರಡು ಕಡೆ ಫೆರಿಯಲ್ಲಿ ದಾಟಬಹುದೆಂದು ಕಂಡಿತು. ಹಾಗೆ ಮಾಡಿದರೆ ತುಳಿಯುವುದು ಬರೀ 45 ಕಿ.ಮೀ. ಆಸುಪಾಸು. ಹೋದ ದಾರಿಯಲ್ಲೇ ವಾಪಸ್ ಬರುವ ಪ್ರಮೇಯವೂ ಇಲ್ಲ.

ಯಾವ ಫೆರಿ ಮೊದಲು, ಯಾವುದು ಕೊನೆಗೆ ಎಂಬುದರ ಮೇಲೆ ಇಡೀ ದಿನ ನಿಂತಿದೆ. ಫ್ರೀಡ್ರಿಶ್‌ಹಾಫೆನ್‌ನಿಂದ ಸ್ವಿಸ್ ದಡದ ರೋಮನ್ಸ್‌ಹಾರ್ನ್‌ಗೆ ಹೋಗುವ ಫೆರಿ ಗಂಟೆಗೊಂದು, ಅದೂ ಹಗಲಲ್ಲಿ. ಕಾನ್‌ಸ್ಟನ್ಸ್ ಮತ್ತು ಮೇರ್ಸ್‌ಬುರ್ಗ್ ನಡುವಿನದು 1928ರಲ್ಲಿ ಶುರುವಾದದ್ದು, ರಾತ್ರಿ ಹಗಲೆನ್ನದೆ ಓಡುತ್ತದೆ. ಹೀಗಾಗಿ ವೇಳೆಗೆ ಕಟ್ಟುಬಿದ್ದ ಫೆರಿಯನ್ನು ಮೈಯಲ್ಲಿ ಕಸುವಿರುವ ಬೆಳಿಗ್ಗೆಗೆ ಇಟ್ಟುಕೊಂಡೆ, ಯಾವಾಗ ಹೋದರೂ ಸಿಗುವುದನ್ನು ಸಂಜೆಗೆ. ಮೇರ್ಸ್‌ಬುರ್ಗ್‌ನಿಂದ ಹೊರಟು ಮೇರ್ಸ್‌ಬುರ್ಗ್‌ಗೇ ಬಂದು ಸೇರುವ ಲೆಕ್ಕ. ಉಲ್ಟಾ ಹೋಗುವವರೂ ಇದ್ದಾರೆ. ಆದರೆ ಸಂಜೆ ಗಡಿಯಾರ ನೋಡುತ್ತಾ ತುಳಿಯುವ ಕಷ್ಟ ನನಗಂತೂ ಬೇಡ.

ಬೆಳಿಗ್ಗೆ ಪೂರ್ವಕ್ಕೆ ಹೊರಟರೆ ಸರೋವರ ಬಲಕ್ಕೆ ಬರುತ್ತದೆ, ಅದರಾಚೆ ಆಲ್ಪ್ಸ್ ಸಾಲು. ಆಕಾಶ ತಿಳಿಯಾಗಿದ್ದರೆ 2502 ಮೀಟರ್ ಎತ್ತರದ ಸೆಂಟಿಸ್ ಶಿಖರ ಎದ್ದು ಕಾಣುತ್ತದೆ. ಒಂದು ಬದಿ ನೀರು, ಇನ್ನೊಂದು ಬದಿ ಏರಿನಲ್ಲಿ ದ್ರಾಕ್ಷಿ ತೋಟ. ಹಾಗ್ನೌ ಊರಿನಲ್ಲಿ ನಾನು ಬಹಳ ಹೊತ್ತು ನಿಂತೆ. ಅದರ ಎದುರು ದಡದಲ್ಲಿರುವುದು ಮ್ಯೂನ್‌ಸ್ಟರ್‌ಲಿಂಗೆನ್. 1963ರ ಫೆಬ್ರವರಿಯಲ್ಲಿ ಸರೋವರ ಪೂರ್ತಿ ಹೆಪ್ಪುಗಟ್ಟಿದಾಗ ಈ ಎರಡು ಊರಿನ ಜನ ಸಂತ ಯೋಹಾನನ ಮರದ ಮೂರ್ತಿಯನ್ನು ಹೊತ್ತು ಮಂಜುಗಡ್ಡೆಯ ಮೇಲೆ ಮೆರವಣಿಗೆ ಮಾಡಿದ್ದರು. 1573ರಿಂದ ನಡೆದುಬಂದ ಪದ್ಧತಿಯಂತೆ, ಮತ್ತೆ ನೀರು ಅಷ್ಟು ಗಟ್ಟಿಯಾದಾಗ ಮಾತ್ರ ಮೂರ್ತಿ ಆಚೆ ದಡಕ್ಕೆ ಮರಳಬೇಕು. ಅಲ್ಲಿಂದೀಚೆಗೆ ಸರೋವರ ಹಾಗೆ ಹೆಪ್ಪುಗಟ್ಟಿಲ್ಲ. ಎದುರಿನ ಆ ಊರನ್ನು ಮಧ್ಯಾಹ್ನ ನಾನೇ ಹಾದುಹೋಗಲಿದ್ದೇನೆ ಎಂಬ ಖುಷಿಯಲ್ಲಿ ಮುಂದೆ ಹೊರಟೆ.

ಇಮ್ಮೆನ್‌ಸ್ಟಾಡ್ ದಾಟಿದರೆ ಫ್ರೀಡ್ರಿಶ್‌ಹಾಫೆನ್ ದೂರವಿಲ್ಲ. 1900ರ ಜುಲೈ 2ರಂದು ಮೊದಲ ಝೆಪ್ಪೆಲಿನ್ ವಾಯುನೌಕೆ ಮೇಲೆದ್ದದ್ದು ಈ ಊರಿನ ಬಳಿ, ಇದೇ ನೀರಿನ ಮೇಲಿಂದ.

ಫೆರಿ ಹತ್ತುವಾಗ ಸೈಕಲ್ ಇಳಿದು ತಳ್ಳಿಕೊಂಡು ಹೋಗಿ. ಇಳಿಜಾರಿನ ಕಬ್ಬಿಣದ ತಗಡು ಒದ್ದೆಯಾಗಿದ್ದರೆ ಟೈರ್ ಜಾರುತ್ತದೆ, ಅದರ ಸಂದನ್ನು ಓರೆಯಾಗಿ ದಾಟಿದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ನೇರವಾಗಿ ದಾಟಬೇಕು. ಒಳಗೆ ಸೈಕಲ್ಲನ್ನು ಬದಿಗೆ ಒರಗಿಸಿ, ಮುಂದಿನ ಬ್ರೇಕ್ ಹಿಡಿಕೆಯನ್ನು ಒತ್ತಿ ಹ್ಯಾಂಡಲ್‌ಗೆ ಸೇರಿಸಿ ದಪ್ಪ ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಚಕ್ರ ಅಲುಗುವುದಿಲ್ಲ. ಅಲೆಗೆ ಹಡಗು ತೂಗಿದಾಗ ಪಕ್ಕದ ಕಾರಿಗೆ ಸೈಕಲ್ ತಾಗೀತು ಎಂಬ ಆತಂಕವಿಲ್ಲದೆ ಮೇಲಿನ ಅಂತಸ್ತಿಗೆ ಹೋಗಿ ಕೂರಬಹುದು.

ದಾಟಲು ಮುಕ್ಕಾಲು ಗಂಟೆಗೂ ತುಸು ಕಡಿಮೆ ಸಾಕು. ಸರೋವರದ ಅತಿ ಆಳ 250 ಮೀಟರ್ ದಾಟುತ್ತದೆ. ನಡುನೀರಿಗೆ ಬಂದಾಗ ಸ್ವಿಟ್ಜರ್ಲೆಂಡ್ ಎಲ್ಲಿಂದ ಶುರು ಎಂದು ಯಾರೂ ಬೆರಳು ಮಾಡಿ ತೋರಿಸಲಾರರು, ಏಕೆಂದರೆ ಸರೋವರದ ಈ ದೊಡ್ಡ ಭಾಗದಲ್ಲಿ ಮೂರೂ ದೇಶಗಳು ಒಪ್ಪಿಕೊಂಡ ಗಡಿರೇಖೆಯೇ ಇಲ್ಲ. ಮೂರು ದೇಶಗಳು ಗೆರೆ ಎಳೆಯದೆ ಇಷ್ಟು ನೆಮ್ಮದಿಯಾಗಿರುವುದು ನನಗೆ ಬಹಳ ದೊಡ್ಡ ವಿಷಯವಾಗಿ ಕಂಡಿತು. ಹಾಗಂತ ಪಾಸ್‌ಪೋರ್ಟ್ ಬಿಟ್ಟು ಹೋಗಬೇಡಿ. ಐರೋಪ್ಯ ಒಕ್ಕೂಟದ ಉಚಿತ ರೋಮಿಂಗ್ ಸ್ವಿಟ್ಜರ್ಲೆಂಡಿಗೆ ಅನ್ವಯಿಸದ ಕಾರಣ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ಫೋನಿನ ಡೇಟಾ ಆರಿಸಿಬಿಟ್ಟೆ. ಅಲ್ಲಿನ ನಾಣ್ಯ ಫ್ರಾಂಕ್.

ಸ್ವಿಸ್ ದಡ ಸಮತಟ್ಟು. ರೈಲು ಹಳಿ, ಸೇಬಿನ ತೋಟ, ನೀರು, ಮತ್ತೆ ಸೇಬಿನ ತೋಟ. ಕೆಂಪು ಫಲಕಗಳನ್ನು ಹಿಡಿದು ಹೋದರೆ ದಾರಿ ತಪ್ಪುವುದಿಲ್ಲ. ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ ಹುಟ್ಟಿದ ಕೆಸ್‌ವಿಲ್ ಈ ದಾರಿಯಲ್ಲೇ ಸಿಗುತ್ತದೆ. ಆಲ್ಟ್‌ನೌನಲ್ಲಿ ದಡದ ಬಳಿ ನೀರು ಆಳವಿಲ್ಲ. ಅದಕ್ಕೇ ಹಡಗುಕಟ್ಟೆಯನ್ನು ಸುಮಾರು 270 ಮೀಟರ್ ಒಳಕ್ಕೆ ಚಾಚಿ ಕಟ್ಟಿದ್ದಾರೆ. ಅದರ ತುದಿಯವರೆಗೆ ನಡೆದು ಹೋಗಲೇಬೇಕು.

ಈ ಭಾಗದಲ್ಲಿ ಪಶ್ಚಿಮದ ಗಾಳಿ ಎದೆಗೇ ಬಡಿಯುತ್ತದೆ. ದಡದಲ್ಲಿ ಅಲ್ಲಲ್ಲಿ ನಿಲ್ಲಿಸಿರುವ ಕಿತ್ತಳೆ ಬಣ್ಣದ ದೀಪಗಳ ಮೇಲೆ ಕಣ್ಣಿಟ್ಟಿರಿ. ನಿಮಿಷಕ್ಕೆ 40 ಸಲ ಮಿನುಗಿದರೆ ಜೋರು ಗಾಳಿ ಬರಬಹುದೆಂದು ಅರ್ಥ, 90 ಸಲ ಮಿನುಗಿದರೆ ಬಿರುಗಾಳಿ. ಎಣಿಸುತ್ತಾ ಕೂರಬೇಕಿಲ್ಲ. ಮೊದಲನೆಯದರಲ್ಲಿ ಮಿನುಗಿನ ನಡುವೆ ಬಿಡುವು ಕಾಣುತ್ತದೆ, ಎರಡನೆಯದು ಗಾಬರಿ ಬಿದ್ದಂತೆ ಹೊಡೆದುಕೊಳ್ಳುತ್ತದೆ. ಇವು ದೋಣಿಯವರಿಗಾಗಿ ಇಟ್ಟವು. ಆದರೆ ಗಾಳಿಗೆದುರಾಗಿ ತುಳಿಯುವವರಿಗೂ ಇವಷ್ಟು ಉಪಕಾರಿಯಾದದ್ದು ಇನ್ನೊಂದಿಲ್ಲ. ದೀಪ ಶುರುವಾದರೆ ಮುಂದಿನ ಸ್ಟೇಷನ್ನಿನಲ್ಲಿ ಸೈಕಲ್ಲನ್ನೂ ರೈಲಿಗೆ ಹತ್ತಿಸಿ ಕಾನ್‌ಸ್ಟನ್ಸ್ ಸೇರಿಕೊಳ್ಳಬಹುದು.

ಕ್ರೊಯ್ಟ್ಸ್‌ಲಿಂಗೆನ್‌ನಿಂದ ಕಾನ್‌ಸ್ಟನ್ಸ್‌ಗೆ ಕಾಲಿಟ್ಟರೆ ಮತ್ತೆ ಜರ್ಮನಿ. ಊರು ಸಿಕ್ಕಿತೆಂದು ನಿರಾಳವಾಗಬೇಡಿ, ಕಾರ್ ಫೆರಿ ಹೊರಡುವ ಸ್ಟಾಡ್ ಕಟ್ಟೆ ಊರಿನ ಇನ್ನೊಂದು ತುದಿಯಲ್ಲಿದೆ. ರೈನ್ ನದಿಯ ಸೇತುವೆ ದಾಟಿ ಇನ್ನಷ್ಟು ತುಳಿಯಬೇಕು. ಅಲ್ಲಿಂದ ಆಚೆಗೆ ಕಾಲು ಗಂಟೆ. ರಾತ್ರಿಯಾದರೂ ಫೆರಿ ಸಿಗುವುದರಿಂದ ನಾನು ಕಾನ್‌ಸ್ಟನ್ಸ್‌ನಲ್ಲಿ ಕತ್ತಲಾಗುವವರೆಗೂ ಉಳಿದೆ. ನೀವೂ ಹಾಗೆ ಮಾಡುವುದಾದರೆ ಸೈಕಲ್ಲಿನ ಮುಂದಿನ, ಹಿಂದಿನ ದೀಪ ಎರಡೂ ಉರಿಯುತ್ತವೆಯೇ ಎಂದು ಬೆಳಿಗ್ಗೆ ಹೊರಡುವಾಗಲೇ ನೋಡಿಕೊಳ್ಳಿ.