ಉದ್ರಿ ಪುಸ್ತಕ ಮೊಬೈಲಿನಲ್ಲೇ ಇರಲಿ
ಮುಂಬೈ ಬಳಿಯ ಡೊಂಬಿವಲಿ ಕಡೆ ಸಣ್ಣ ಹೋಟೆಲ್ ನಡೆಸುವ ನಮ್ಮವರಿಗೆ ಒಂದು ಮಾತು. ಕಳೆದ ಮಳೆಗಾಲದಲ್ಲಿ ಗಲ್ಲಾಪೆಟ್ಟಿಗೆಯ ಕೆಳಗಿದ್ದ ನನ್ನ ಉದ್ರಿ ಪುಸ್ತಕ ನೆನೆದು ಮುದ್ದೆಯಾಯಿತು. ಯಾರ ಬಾಕಿ ಎಷ್ಟೆಂಬುದು ಆ ದೇವರಿಗೇ ಗೊತ್ತು. ಈಗ ಲೆಕ್ಕವೆಲ್ಲ ಗೂಗಲ್ ಶೀಟ್ಸ್ ಎಂಬ ಲೆಕ್ಕದ ಹಾಳೆಯ ಆ್ಯಪ್‌ನಲ್ಲಿ. ಅಗ್ಗದ ಆಂಡ್ರಾಯ್ಡ್ ಮೊಬೈಲ್ ಧಾರಾಳವಾಗಿ ಸಾಕು. ಕಡತವನ್ನು ಮೊದಲೇ ಆಫ್‌ಲೈನ್‌ಗೆ ಹಾಕಿಟ್ಟರೆ ನೆಟ್‌ವರ್ಕ್ ಹೋದಾಗಲೂ ಬರೆಯಬಹುದು. ಬಂದ ಮೇಲೆ ತಾನಾಗಿಯೇ ಕ್ಲೌಡ್‌ಗೆ, ಅಂದರೆ ಗೂಗಲ್‌ನ ಇಂಟರ್ನೆಟ್ ಸಂಗ್ರಹಕ್ಕೆ ಸೇರುತ್ತದೆ. ಅಲ್ಲಿ ಉಚಿತ ಜಾಗ 15 ಜಿಬಿ. ಜಿಮೇಲ್, ಫೋಟೊ, ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲವೂ ಅದರಲ್ಲೇ ಆಗಬೇಕು, ಹಾಗಾಗಿ ಶುಭೋದಯದ ವಿಡಿಯೊಗಳನ್ನು ಬ್ಯಾಕಪ್‌ನಿಂದ ಕೈಬಿಡಿ. ಹುಡುಗರಿಗೆ ನಿಮ್ಮ ಪಾಸ್‌ವರ್ಡ್ ಕೊಡಲೇಬೇಡಿ. ಅವರವರ ಖಾತೆಗೆ ಆ ಒಂದು ಕಡತವನ್ನಷ್ಟೇ ಹಂಚಿ. ಕೆಲಸ ಬಿಟ್ಟ ದಿನವೇ ಅನುಮತಿ ತೆಗೆಯಿರಿ. ನಾನು ಮೂರು ತಿಂಗಳು ಮರೆತಿದ್ದೆ!